ಪೆಟ್ಟಿಗೆ ಸೇರುವ ಶ್ರವಣ ಸಾಧನ, ಮೂಲೆ ಸೇರುವ ಹಿರಿಯರು

(ಜಮಖಂಡಿಯಲ್ಲಿ ನಡೆದ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನಾವು ಚರ್ಚಿಸಲಿರುವ ವಸ್ತು ಬೆರಳ ತುದಿಗಿಂತ ಸ್ವಲ್ಪವೇ ದೊಡ್ಡದು. ಜನರು ಅದನ್ನು ಕಿವಿಯ ಮಶೀನು ಎನ್ನುತ್ತಾರೆ. ಈ ಯಂತ್ರ ಕೆಟ್ಟ ದಿನ ಮನೆಯಲ್ಲಿ ಯಾರಿಗೂ ನೋವಾಗುವುದಿಲ್ಲ, ಯಾರೂ ಆಸ್ಪತ್ರೆಗೆ ಓಡುವುದಿಲ್ಲ. ಅದು ಕಪಾಟಿನೊಳಗಿನ ಪೆಟ್ಟಿಗೆ ಸೇರುತ್ತದೆ. ಅದನ್ನು ಧರಿಸುತ್ತಿದ್ದ ದಾದಾ ಅಥವಾ ದಾದಿ ಮನೆಯ ಮೂಲೆ ಸೇರುತ್ತಾರೆ. ಮದುವೆಯ ಮಾತುಕತೆ ನಡೆಯುವಾಗ ಅವರನ್ನು ಕೇಳುವವರಿಲ್ಲ; ಜುಮಾ ಖುತ್ಬಾದಲ್ಲಿ ಅವರು ಕುಳಿತಿರುತ್ತಾರೆ, ಆದರೆ ಏನೂ ಕೇಳಿಸುವುದಿಲ್ಲ. ಆದ್ದರಿಂದ ಈ ಸಾಧನವನ್ನು ಬೇಸಿಗೆಯಿಂದ ಕಾಪಾಡುವುದೆಂದರೆ ಮನೆಯಲ್ಲಿ ಹಿರಿಯರ ಸ್ಥಾನವನ್ನು ಕಾಪಾಡುವುದೇ ಆಗಿದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಬೇಸಿಗೆಯನ್ನು ನಿಮಗೆ ವಿವರಿಸಬೇಕಾಗಿಲ್ಲ. ಕೃಷ್ಣೆ, ಘಟಪ್ರಭೆಯರು ಹರಿದರೂ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತಗಡಿನ ಚಾವಣಿಯ ಕೆಳಗೆ ಸೆಕೆ ಇನ್ನೂ ಹೆಚ್ಚು. ರಬಕವಿ-ಬನಹಟ್ಟಿಯಲ್ಲಿ ಇದರೊಂದಿಗೆ ವಿದ್ಯುತ್ ಮಗ್ಗಗಳ ಸದ್ದು ಹಾಗೂ ನೂಲಿನ ಧೂಳೂ ಸೇರಿಕೊಳ್ಳುತ್ತವೆ.

ಶ್ರವಣ ಸಾಧನಕ್ಕೆ ಬೇಸಿಗೆಯಲ್ಲಿ ಮೂವರು ಶತ್ರುಗಳು: ಬೆವರು, ಬಿಸಿಲು ಮತ್ತು ಧೂಳು. ಇವುಗಳಲ್ಲಿ ಬೆವರೇ ಹೆಚ್ಚು ಅಪಾಯಕಾರಿ. ಬೆವರಿನಲ್ಲಿ ನೀರಿನೊಂದಿಗೆ ಉಪ್ಪೂ ಇದೆ. ಕಿವಿಯ ಹಿಂದೆ ಕೂರುವ ಯಂತ್ರದ ಸಂದುಗಳಿಂದ ಅದು ಒಳಗಿಳಿದು ಬ್ಯಾಟರಿಯ ಸಂಪರ್ಕದ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಸದ್ದು ಕಡಿದು ಕಡಿದು ಬರುವುದು, ಮಧ್ಯಾಹ್ನ ಬಂದ್ ಆಗಿ ಸಂಜೆ ತಾನಾಗಿಯೇ ಸರಿಹೋಗುವುದು, ಇವೆಲ್ಲ ತೇವ ಒಳಹೊಕ್ಕಿರುವುದರ ಲಕ್ಷಣಗಳಾಗಿರಬಹುದು. ಇದನ್ನು ಅರಿಯದವರು ಯಂತ್ರವೇ ಕಳಪೆಯೆಂದು ತೀರ್ಮಾನಿಸುತ್ತಾರೆ.

ಹಾಗಾದರೆ ಮಾಡಬೇಕಾದುದೇನು? ದಿನಕ್ಕೆ ಮೂರ್ನಾಲ್ಕು ಬಾರಿ ಸಾಧನವನ್ನು ತೆಗೆದು ಒಣ ಹತ್ತಿ ಬಟ್ಟೆಯಿಂದ ಒರೆಸಬೇಕು. ಕಿವಿಯ ಹಿಂಭಾಗವನ್ನೂ ಒರೆಸಬೇಕು. ರಾತ್ರಿ ಮಲಗುವಾಗ ಬ್ಯಾಟರಿಯನ್ನು ಹೊರತೆಗೆದು, ಅದರ ಬಾಗಿಲನ್ನು ತೆರೆದಿಟ್ಟು, ಸಾಧನವನ್ನು ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಬಣ್ಣ ಬದಲಿಸುವ ಸಿಲಿಕಾ ಹರಳುಗಳು ಸಿಗುತ್ತವೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಅದು ತೇವ ಹೀರಿ ದಣಿದಿದೆ ಎಂದರ್ಥ. ಬ್ಯಾಟರಿಯನ್ನು ಮಾತ್ರ ಆ ಡಬ್ಬಿಗೆ ಹಾಕಬಾರದು, ಅದು ಒಣಗಿ ಬೇಗ ಮುಗಿಯುತ್ತದೆ. ಚಾರ್ಜ್ ಮಾಡುವ ಸಾಧನವಾದರೆ ಅದರ ಕೈಪಿಡಿಯಂತೆ ನಡೆಯಬೇಕು. ಕೆಲವರು ಅಕ್ಕಿಯ ಡಬ್ಬಿಯಲ್ಲಿ ಹೂತಿಡುತ್ತಾರೆ. ಅಕ್ಕಿಯ ಹುಡಿ ಮೈಕಿನ ರಂಧ್ರಗಳನ್ನು ಮುಚ್ಚುತ್ತದೆಯೇ ಹೊರತು ಪ್ರಯೋಜನವಿಲ್ಲ. ಒದ್ದೆಯಾದ ಸಾಧನವನ್ನು ಬಿಸಿಲಿಗಿಡುವುದು, ಒಲೆಯ ಬಳಿ ಒಣಗಿಸುವುದು ಅದನ್ನು ಕೈಯಾರೆ ಕೆಡಿಸಿದಂತೆ.

ವುಝೂ ವಿಷಯಕ್ಕೆ ಬರೋಣ. ಐದು ಹೊತ್ತಿನ ನಮಾಝ್ ಮಾಡುವ ಹಿರಿಯರು ದಿನಕ್ಕೆ ಹಲವು ಬಾರಿ ಸಾಧನವನ್ನು ತೆಗೆಯಲೇಬೇಕು, ಏಕೆಂದರೆ ಒದ್ದೆ ಬೆರಳಿನಿಂದ ಕಿವಿಯ ಮಸಹ್ ಮಾಡಲಿಕ್ಕಿದೆ. ತೆಗೆದ ಸಾಧನ ಎಲ್ಲಿಗೆ ಹೋಗುತ್ತದೆ? ಜುಬ್ಬಾದ ಬೆವರಿದ ಜೇಬಿಗೆ ಅಥವಾ ನೀರು ಸಿಡಿಯುವ ಕಟ್ಟೆಯ ಮೇಲೆ. ಬಳಿಕ ಕಿವಿ ಒದ್ದೆಯಿರುವಾಗಲೇ ಮತ್ತೆ ಧರಿಸುತ್ತಾರೆ. ಜೇಬಿನಲ್ಲಿ ಮುಚ್ಚಳವಿರುವ ಒಂದು ಚಿಕ್ಕ ಡಬ್ಬಿ, ಒಂದು ಒಣ ಕರವಸ್ತ್ರ ಇದ್ದರೆ ಸಾಕು. ಮಸೀದಿಯ ಆಡಳಿತ ಸಮಿತಿಯವರು ವುಝೂ ಖಾನೆಯಲ್ಲಿ ನೀರು ತಾಗದ ಒಂದು ಹಲಗೆ ಹಾಕಿಸಿದರೆ ಅದೂ ಒಂದು ಸೇವೆಯೇ.

ಸಹೋದರಿಯರು ಬಿಗಿಯಾದ ದಪ್ಪ ಬಟ್ಟೆಯ ಹಿಜಾಬ್ ಧರಿಸಿದರೆ ಬೆವರು ಹೆಚ್ಚುತ್ತದೆ, ಬಟ್ಟೆ ಮೈಕಿಗೆ ಉಜ್ಜಿ ಕರಕರ ಸದ್ದು ಬರುತ್ತದೆ, ಯಂತ್ರ ಸಿಳ್ಳೆ ಹಾಕುವುದೂ ಉಂಟು. ಕಿವಿಯ ಭಾಗದಲ್ಲಿ ಸಡಿಲವಾಗಿರುವ ತೆಳು ಹತ್ತಿ ಬಟ್ಟೆ ಇದಕ್ಕೆ ಪರಿಹಾರ.

ಬಿಸಿಲಿನಲ್ಲಿ ನಿಲ್ಲಿಸಿದ ಕಾರು, ಬೈಕಿನ ಡಬ್ಬಿ, ಕಿಟಕಿಯ ಕಟ್ಟೆ, ಇವು ಸಾಧನ ಇಡುವ ಜಾಗಗಳಲ್ಲ. ಕೂಲರಿನ ಎದುರಿನ ಜಾಗವೂ ಬೇಡ. ಅದರ ಗಾಳಿಯಲ್ಲಿ ತೇವವಿದೆ. ಬ್ಯಾಟರಿಯನ್ನು ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದಾಗ ಅದರ ಮೇಲೆ ನೀರಿನ ಹನಿ ಕಟ್ಟುತ್ತದೆ. ಸಾಮಾನ್ಯ ಗುಂಡಿ ಬ್ಯಾಟರಿ ಗಾಳಿಯಿಂದ ಕೆಲಸ ಮಾಡುವಂಥದು. ಅದರ ಚೀಟಿಯನ್ನು ಬಳಸುವಾಗಲೇ ಕಿತ್ತು, ಕೆಲವು ನಿಮಿಷ ಗಾಳಿಗೆ ಬಿಟ್ಟು, ನಂತರ ಹಾಕಬೇಕು. ಒಮ್ಮೆ ಕಿತ್ತ ಚೀಟಿಯನ್ನು ಮತ್ತೆ ಅಂಟಿಸಿದರೆ ಫಲವಿಲ್ಲ. ಮಕ್ಕಳ ಕೈಗೆ ಇದು ಸಿಗಲೇಬಾರದು. ನುಂಗಿದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮಗ್ಗದಲ್ಲಿ ದುಡಿಯುವ ಸಹೋದರರಿಗೆ ಒಂದು ಪ್ರತ್ಯೇಕ ಮಾತು. ಮಗ್ಗಗಳ ಶೆಡ್ಡಿನ ಸದ್ದು ಸಾಮಾನ್ಯವಾಗಿ 90 ಡೆಸಿಬಲ್ ಮೀರುತ್ತದೆ. ಅಲ್ಲಿ ಶ್ರವಣ ಸಾಧನವನ್ನು ಚಾಲೂ ಇಟ್ಟು ಧರಿಸಿದರೆ ಆ ಸದ್ದು ಇನ್ನೂ ಹೆಚ್ಚಾಗಿ ಉಳಿದ ಶ್ರವಣಶಕ್ತಿಯನ್ನೂ ಹಾಳುಮಾಡಬಹುದು. ಆಫ್ ಮಾಡಿದ ಸಾಧನ ಕಿವಿಗೆ ರಕ್ಷಣೆಯೂ ಅಲ್ಲ. ಅದನ್ನು ಡಬ್ಬಿಯಲ್ಲಿಟ್ಟು, ಸದ್ದು ತಡೆಯುವ ಕಿವಿ ಬಿರಡೆ ಧರಿಸಬೇಕು. ಇಂದು ಕಿವಿ ಚೆನ್ನಾಗಿರುವ ಯುವಕರಿಗೂ ಇದೇ ಮಾತು. ಸದ್ದಿನಿಂದ ಸತ್ತ ಒಳಗಿವಿಯ ಸೂಕ್ಷ್ಮ ಕೋಶಗಳು ಮತ್ತೆ ಹುಟ್ಟುವುದಿಲ್ಲ.

ಇದು ಕೇವಲ ಮನೆಯ ಸಮಸ್ಯೆಯೇ? ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯಂತೆ ಜಗತ್ತಿನ 150 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಪ್ರಮಾಣದ ಶ್ರವಣ ದೋಷವಿದೆ. 43 ಕೋಟಿ ಜನರಿಗೆ ಪುನರ್ವಸತಿ ಸೇವೆ ಬೇಕಾಗಿದೆ. ಮರೆವಿನ ರೋಗಕ್ಕೆ ದಾರಿಯಾಗುವ, ಆದರೆ ತಡೆಯಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಪಟ್ಟಿ ಮಾಡಿತು. ಶ್ರವಣ ದೋಷ ಅವುಗಳಲ್ಲೊಂದು.

ಸರಕಾರದ ಬಳಿ ಯೋಜನೆಗಳಿಗೆ ಕೊರತೆಯಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲೇ ಸ್ಥಾಪನೆಯಾಯಿತು. ಅಂಗವಿಕಲರಿಗೆ ಸಾಧನ ನೀಡುವ ಕೇಂದ್ರದ ಎಡಿಪ್ ಯೋಜನೆ 1981ರಿಂದ ಇದೆ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲಿ ಆರಂಭವಾಯಿತು. ಆದರೆ ಶಿಬಿರದಲ್ಲಿ ಸಾಧನ ವಿತರಿಸಿ ಭಾವಚಿತ್ರ ತೆಗೆಸಿಕೊಂಡಲ್ಲಿಗೆ ಹೊಣೆ ಮುಗಿಯುವುದಿಲ್ಲ. ಬ್ಯಾಟರಿ, ನಳಿಕೆ, ಕಿವಿಯ ಅಚ್ಚು, ದುರಸ್ತಿ ಇವೆಲ್ಲ ತಾಲೂಕು ಮಟ್ಟದಲ್ಲಿ ದೊರೆಯದಿದ್ದರೆ ಬಡ ನೇಕಾರನಿಗೆ ಉಚಿತ ಸಾಧನವೂ ದುಬಾರಿಯೇ. 2018ರಲ್ಲಿ ಹೊಸ ತಾಲೂಕಾದ ರಬಕವಿ-ಬನಹಟ್ಟಿಯೂ ಸೇರಿದಂತೆ ನಾಲ್ಕೂ ತಾಲೂಕುಗಳಲ್ಲಿ ನಿಗದಿತ ದಿನಗಳಂದು ಶ್ರವಣ ತಜ್ಞರು ಲಭ್ಯರಿರಬೇಕು. ಮಗ್ಗದ ಕಾರ್ಮಿಕರ ಕಿವಿ ತಪಾಸಣೆ ವರ್ಷಕ್ಕೊಮ್ಮೆಯಾದರೂ ನಡೆಯಬೇಕು. ಈ ಬೇಡಿಕೆ ಯಾವುದೇ ಒಂದು ಸಮುದಾಯದ್ದಲ್ಲ. ಒಂದೇ ಶೆಡ್ಡಿನಲ್ಲಿ ದುಡಿಯುವ ಎಲ್ಲರ ಕಿವಿಗೂ ಬೀಳುವ ಸದ್ದು ಒಂದೇ.

ಆ ಬೇಡಿಕೆ ಈಡೇರುವ ತನಕ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ಮನೆಗೆ ಮರಳಿದ ಕೂಡಲೇ ಕಪಾಟಿನ ಪೆಟ್ಟಿಗೆಯನ್ನು ತೆರೆದು ನೋಡಿ. ಒಳಗಿರುವ ಸಾಧನವನ್ನು ಒರೆಸಿ, ಒಣಗಿಸಿ, ಹೊಸ ಬ್ಯಾಟರಿ ಹಾಕಿ. ಆಗಲೂ ಸದ್ದು ಬರದಿದ್ದರೆ ದುರಸ್ತಿಗೆ ಕೊಡಿ. ಮನೆಯ ಮೊಮ್ಮಕ್ಕಳಲ್ಲಿ ಒಬ್ಬರಿಗೆ ದಿನನಿತ್ಯ ಅದನ್ನು ನೋಡಿಕೊಳ್ಳುವ ಜವಾಬ್ದಾರಿ ವಹಿಸಿ. ಹಿರಿಯರ ಎದುರು ಕುಳಿತು, ಕೂಗದೆ, ನಿಧಾನವಾಗಿ ಮಾತನಾಡಿ. ಅವರು ಹೇಳಬೇಕಾದ ಮಾತು ಇನ್ನೂ ಬಹಳಷ್ಟಿದೆ.