ಕಾಗವಾಡದ ಪೇಟಿ, ಮಾಸ್ಕೋದ ಸಂಪಾದಕೀಯ

1936ರ ಜನವರಿ. ಸ್ಟಾಲಿನ್ ಒಂದು ಆಪೆರಾ ನೋಡಲು ಹೋದ. ಸಂಗೀತ ಸೋವಿಯತ್ ಸಂಯೋಜಕ ಶೊಸ್ತಕೋವಿಚ್‌ನದು. ಎರಡೇ ದಿನಕ್ಕೆ ಪಕ್ಷದ ಪತ್ರಿಕೆ ‘ಪ್ರಾವ್ದಾ’, ಇದು ಸಂಗೀತವಲ್ಲ, ಬರೀ ಗೊಂದಲ ಅಂತ ಬರೆಯಿತು. ಬರೆದವರ ಹೆಸರಿಲ್ಲ. ಆಪೆರಾ ನಿಂತಿತು. ತಾಲೀಮು ನಡೆದಿದ್ದ ಅವನ ನಾಲ್ಕನೇ ಸಿಂಫನಿಯೂ ವೇದಿಕೆ ಏರಲಿಲ್ಲ. ಜನ ಅದನ್ನು ಕೇಳಿದ್ದು 1961ರಲ್ಲಿ.

ನಮ್ಮ ಕಡೆ ಇಂಥದ್ದು ನಡೆದಿತ್ತಾ? ಬೆಳಗಾವಿ ಜಿಲ್ಲೆಯ ಮುಗಳಖೋಡದಿಂದ ಕುಡಚಿಗೆ ಹೋಗಿ, ಕೃಷ್ಣಾ ದಾಟಿ, ಉಗಾರ, ಶೇಡಬಾಳ ಹಾದರೆ ಕಾಗವಾಡ. ಹಾರ್ಮೋನಿಯಂ (ನಮ್ಮ ಕಡೆ ಪೇಟಿ) ಪಂಡಿತ ರಾಮಭಾವು ಬಿಜಾಪುರೆ 1917ರಲ್ಲಿ ಹುಟ್ಟಿದ ಊರು. ಅವರಿಗೆ ಇಪ್ಪತ್ತಮೂರರ ಆಸುಪಾಸು ಇದ್ದಾಗ, 1940ರ ಮಾರ್ಚ್‌ನಲ್ಲಿ, ಆಕಾಶವಾಣಿ ಅವರ ವಾದ್ಯಕ್ಕೇ ಬಾಗಿಲು ಹಾಕಿತು. ಒಬ್ಬ ಕಲಾವಿದನಿಗಲ್ಲ, ದೇಶದ ಅಷ್ಟೂ ಪೇಟಿಗಳಿಗೆ!

ತಮಾಷೆ ಏನಂದ್ರೆ, ಆಗ ರೇಡಿಯೋ ನಡೆಸುತ್ತಿದ್ದವರು ಬ್ರಿಟಿಷರು, ಮುಖ್ಯಸ್ಥ ಲಯೊನೆಲ್ ಫೀಲ್ಡನ್. ಪೇಟಿ ಪರದೇಶಿ ವಾದ್ಯ ಅಂತ ದೂರುತ್ತಿದ್ದವರು ನಮ್ಮ ರಾಷ್ಟ್ರೀಯವಾದಿಗಳು. ಇಬ್ಬರೂ ಈ ಒಂದು ವಿಷಯದಲ್ಲಿ ಒಂದಾದರು. ಟ್ಯಾಗೋರರಿಗೂ ಪೇಟಿ ಕಂಡರೆ ಆಗುತ್ತಿರಲಿಲ್ಲ. ಸ್ವಾತಂತ್ರ್ಯ ಬಂತು, ನಿಷೇಧ ಹೋಗಲಿಲ್ಲ. 1952ರಲ್ಲಿ ಪ್ರಸಾರ ಖಾತೆಯ ಮಂತ್ರಿಯಾದ ಬಿ.ವಿ. ಕೇಸ್ಕರ್ ಕಾಲದಲ್ಲಿ ಸಿನಿಮಾ ಹಾಡೂ ಹೊರಗೆ ಬಿತ್ತು, ಜನ ರೇಡಿಯೋ ಸಿಲೋನ್ ತಿರುವಿಕೊಂಡರು.

ಪೇಟಿ ಮೇಲಿನ ದೂರು ಪೂರಾ ಸುಳ್ಳೇನಲ್ಲ. ಅದರ ಒಳಗಿರೋದು ಹಿತ್ತಾಳೆಯ ಪಟ್ಟಿಗಳು, ಒಂದೊಂದಕ್ಕೆ ಒಂದೇ ಸ್ವರ. ಷಡ್ಜದಿಂದ ಗಾಂಧಾರಕ್ಕೆ ಗಾಯಕ ಜಾರಿಕೊಂಡು ಹೋಗುತ್ತಾನೆ, ಸಾರಂಗಿಯೂ ಜಾರುತ್ತದೆ. ಪೇಟಿ ಜಿಗಿಯಲೇಬೇಕು. ಆದರೆ ಪಳಗಿದ ಕೈ ಗಮನಿಸಿ ನೋಡ್ರಿ. ಮುಂದಿನ ಮನೆ ಒತ್ತಿದ ಮೇಲೂ ಹಿಂದಿನ ಬೆರಳನ್ನು ಒಂದು ಚೂರು ತಡವಾಗಿ ಎತ್ತುತ್ತದೆ. ಅದೇ ಹೊತ್ತಿಗೆ ಎಡಗೈ ತಿದಿಯ ಗಾಳಿಯನ್ನು ಸಣ್ಣಗೆ ಮಾಡುತ್ತದೆ. ಕಿವಿಗೆ ಮೀಂಡ್, ಅಂದರೆ ಆ ಜಾರು, ಕೇಳಿದ ಹಾಗೇ ಆಗುತ್ತದೆ. ಈ ಜಾಣತನ ಕಚೇರಿಯಲ್ಲಿ ಕೂತು ಸುತ್ತೋಲೆ ಬರೆಯುವವರಿಗೆ ಹೇಗೆ ಕಾಣಬೇಕು?

ಹಾಗಂತ ಬಿಜಾಪುರೆಯವರನ್ನು ಶೊಸ್ತಕೋವಿಚ್ ಪಕ್ಕ ಕೂರಿಸುವುದು ಅತಿಯಾದೀತು. ಅಲ್ಲಿ ಜೀವಕ್ಕೇ ಅಪಾಯವಿತ್ತು, ಆಪ್ತರು ಜೈಲು ಸೇರಿದರು, ಗುಂಡಿಗೆ ಬಲಿಯಾದರು. ಇಲ್ಲಿ ಪೇಟಿ ನುಡಿಸಿದವರನ್ನು ಯಾರೂ ಹಿಡಿದುಕೊಂಡು ಹೋಗಲಿಲ್ಲ. ನನಗೆ ದೊಡ್ಡದಾಗಿ ಕಾಣುವ ವ್ಯತ್ಯಾಸ ಇನ್ನೊಂದಿದೆ. ಸೋವಿಯತ್ ನಾಡಿನಲ್ಲಿ ಸಭಾಂಗಣ, ಪ್ರಕಾಶನ, ಸಂಯೋಜಕರ ಸಂಘ ಎಲ್ಲವೂ ಸರ್ಕಾರದ್ದೇ. ಒಂದು ಬಾಗಿಲು ಮುಚ್ಚಿದರೆ ಎಲ್ಲವೂ ಮುಚ್ಚಿದಂತೆ. 1948ರಲ್ಲಿ ಮತ್ತೆ ಪಕ್ಷದ ನಿರ್ಣಯ ಬಂದಾಗ ಶೊಸ್ತಕೋವಿಚ್ ಪಾಠ ಹೇಳುವ ಕೆಲಸವನ್ನೂ ಕಳೆದುಕೊಂಡ.

ನಮ್ಮಲ್ಲಿ ರೇಡಿಯೋ ಬಿಟ್ಟರೆ ನಾಟಕ ಕಂಪನಿ ಇತ್ತು, ಮಠದ ಭಜನೆ ಇತ್ತು, ಖಾಸಗಿ ಬೈಠಕ್ ಇತ್ತು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೂ ಅದೇ ಕಥೆ: ಬೈಠಕ್‌ನಲ್ಲಿ ಪೇಟಿ ಜೊತೆ ಹಾಡಿದ ಗಾಯಕ ಸ್ಟುಡಿಯೋದಲ್ಲಿ ಪೇಟಿ ಇಲ್ಲದೇ ಹಾಡಬೇಕಿತ್ತು. ಬಿಜಾಪುರೆಯವರು ಬೆಳಗಾವಿಯಲ್ಲಿದ್ದುಕೊಂಡು ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟರು, ಶಿಷ್ಯರನ್ನು ತಯಾರು ಮಾಡಿದರು.

ನಿಷೇಧ ಸಡಿಲವಾದದ್ದು 1970ರ ದಶಕದ ಆರಂಭದಲ್ಲಿ. ಅಷ್ಟೊತ್ತಿಗೆ ಅವರಿಗೆ ಐವತ್ತು ದಾಟಿತ್ತು. ಸಡಿಲ ಅಂದರೂ ಮೊದಲು ಸಾಥ್‌ಗೆ ಮಾತ್ರ. ಪೇಟಿಯ ಸೋಲೋ ರೇಡಿಯೋದಲ್ಲಿ ಕೇಳಲು ಇನ್ನೂ ದಶಕಗಟ್ಟಲೆ ಕಾಯಬೇಕಾಯಿತು. ರಾಮಭಾವು 2010ರವರೆಗೆ ಬದುಕಿದ್ದರು. ಅವರ ಶಿಷ್ಯ ಸುಧಾಂಶು ಕುಲಕರ್ಣಿಯವರ ಸೋಲೋ ಸಿಕ್ಕರೆ ಕೇಳ್ರಿ, ಆ ತಡವಾಗಿ ಏಳುವ ಬೆರಳನ್ನೂ ನೋಡ್ರಿ.