ಮಂಗನ ಕಾಯಿಲೆ ಕಲಿಸುವ ಪಾಠ



ನಮ್ಮ ಮಕ್ಕಳು ವೈದ್ಯರಾಗಬೇಕು, ಇಂಜಿನಿಯರ್‌ಗಳಾಗಬೇಕು ಎಂದು ನಾವು ಹಂಬಲಿಸುತ್ತೇವೆ. ಆದರೆ ಒಂದೇ ಶಾಸ್ತ್ರದಿಂದ ಉತ್ತರ ದೊರೆಯದ ಪ್ರಶ್ನೆಗಳೂ ಇವೆಯೆಂಬುದನ್ನು ನಾವು ಚಿಂತಿಸಿದ್ದೇವೆಯೇ?

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರು ಜ್ವರಕ್ಕೆ ಬಲಿಯಾದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ತಜ್ಞರು ರೋಗಕಾರಕ ವೈರಾಣುವನ್ನು ಪತ್ತೆ ಹಚ್ಚಿದರು. ಉಣುಗಿನ ಕಡಿತದಿಂದ ಅದು ಹರಡುತ್ತಿತ್ತು. ರಷ್ಯಾದ ವೈರಾಣುವೊಂದನ್ನು ಅದು ಹೋಲುತ್ತಿದ್ದುದರಿಂದ, ವಲಸೆ ಹಕ್ಕಿಗಳು ತಂದಿರಬಹುದೇ ಎಂಬ ಸಂಶಯ ಮೂಡಿತು. ಆಗ ಪಕ್ಷಿತಜ್ಞ ಸಾಲಿಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಅಧ್ಯಯನಕ್ಕೆ ಮುಂದಾದರು. ಜ್ವರದ ಮೂಲವನ್ನು ಅರಸಲು ಹಕ್ಕಿಯನ್ನು ಬಲ್ಲವರೂ ಬೇಕಾದರು!

ಆದರೂ 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಅದೇ ಕಾಯಿಲೆಯಿಂದ ತತ್ತರಿಸಿತು. ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ಭಾರತ ಮತ್ತು ಬ್ರಿಟನ್ನಿನ ಪರಿಸರ, ಆರೋಗ್ಯ ಹಾಗೂ ಸಮಾಜ ವಿಜ್ಞಾನಿಗಳು ಒಟ್ಟುಗೂಡಿ 2020ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ನಿತ್ಯಹರಿದ್ವರ್ಣ ಕಾಡು ಮತ್ತು ತೋಟಗಳು ಬೆರೆತಿರುವ, ನಾಟಿ ದನಗಳು ಹೆಚ್ಚಿರುವ ಕಡೆ ಅಪಾಯ ಅಧಿಕವೆಂದು ಅದು ತೋರಿಸಿತು. ಅರಣ್ಯ, ಕೃಷಿ, ಪಶುಪಾಲನೆ, ಆರೋಗ್ಯ ಇವು ಬೇರೆ ಬೇರೆ ಇಲಾಖೆಗಳಾಗಿರಬಹುದು. ರೋಗಕ್ಕೆ ಆ ಗಡಿಗಳಿಲ್ಲ.

ತರಗೆಲೆ, ಸೌದೆಗಾಗಿ ಕಾಡಿಗೆ ಹೋಗುವ ಬಡವರೇ ಮೊದಲು ಬಲಿಯಾಗುತ್ತಾರೆ. ಆದ್ದರಿಂದ ವಿಶ್ವವಿದ್ಯಾನಿಲಯಗಳ ವಿಭಾಗಗಳು ಒಂದೇ ಮೇಜಿನ ಸುತ್ತ ಕುಳಿತುಕೊಳ್ಳಲಿ, ಆ ಬಡವರ ಅನುಭವಕ್ಕೂ ಅಲ್ಲಿ ಸ್ಥಾನವಿರಲಿ ಎಂದು ನಾವು ಒತ್ತಾಯಿಸಬೇಕಾಗಿದೆ. ನಮ್ಮ ಮಗಳು ಪರಿಸರ ವಿಜ್ಞಾನವನ್ನೋ ಮಗನು ಸಮಾಜಶಾಸ್ತ್ರವನ್ನೋ ಆರಿಸಿಕೊಂಡರೆ, ಅದರಿಂದೇನು ಪ್ರಯೋಜನವೆಂದು ಹೀಗಳೆಯದಿರೋಣ.