ಯಂತ್ರ ಬಂದರೆ ವಿದ್ಯೆ ಬಂದಂತೆಯೆ?

‘ತಂತ್ರಜ್ಞಾನದ ವರ್ಗಾವಣೆ’ ಎಂಬ ಮಾತು ನಮ್ಮಲ್ಲಿ ಬಳಕೆಗೆ ಬಂದು ಬಹಳ ಕಾಲವಾಯಿತು. ಕನ್ನಡದ ಮೇಷ್ಟರಾಗಿ ಆಯುಷ್ಯ ಕಳೆದ ನನಗೆ ಈ ‘ವರ್ಗಾವಣೆ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಗುಮಾಸ್ತರ, ಉಪಾಧ್ಯಾಯರ ವರ್ಗಾವಣೆಯೇ ನೆನಪಾಗುತ್ತದೆ. ಮೇಲಿನಿಂದ ಹುಕುಂ ಬರುತ್ತದೆ; ಆಸಾಮಿ ಹಾಸಿಗೆ ಸುತ್ತಿಕೊಂಡು ಹೊಸ ಊರಿಗೆ ಹೋಗಿ ಹಾಜರಾಗುತ್ತಾನೆ. ಯಂತ್ರವೂ ಹಾಗೆ ಬಂದು ಇಳಿಯಬಲ್ಲದು. ಆದರೆ ಅದರ ಹಿಂದಿರುವ ತಿಳಿವಳಿಕೆ ಹುಕುಮಿಗೆ ಜಗ್ಗುವಂಥದಲ್ಲ. ಇದಕ್ಕೆ ದೊಡ್ಡ ಕಾರ್ಖಾನೆಗಳ ಉದಾಹರಣೆ ಬೇಡ. ಹಳ್ಳಿಯ ಕೈಪಂಪನ್ನೇ, ಜನ ‘ಬೋರಿಂಗು’ ಎಂದು ಕರೆಯುವುದನ್ನೇ ತೆಗೆದುಕೊಳ್ಳೋಣ.

1966-67ರಲ್ಲಿ ಬಿಹಾರದಲ್ಲಿ ಭೀಕರ ಕ್ಷಾಮ ಬಂತು. ಗಟ್ಟಿಬಂಡೆಯನ್ನು ಕೊರೆಯುವ ಯಂತ್ರಗಳನ್ನು ಯುನಿಸೆಫ್ ಸಂಸ್ಥೆ ಹೊರದೇಶಗಳಿಂದ ತರಿಸಿತು. ಮುಂದೆ ನಮ್ಮ ದಖನ್ನಿನ ಕಲ್ಲುನೆಲದಲ್ಲಿಯೂ ಕೊಳವೆ ಬಾವಿಗಳು ಎದ್ದವು. ಬಾವಿಯ ಮೇಲೆ ಕೂರಿಸಿದ ಪಂಪು ಮಾತ್ರ ಬೀಡುಕಬ್ಬಿಣದ್ದು; ಯೂರೋಪು, ಅಮೆರಿಕಗಳಲ್ಲಿ ಒಂದು ತೋಟದ ಮನೆಯವರು ದಿನಕ್ಕೆ ಕೆಲವು ಸಲ ಒತ್ತಲೆಂದು ಮಾಡಿದ್ದರ ನಕಲು. ಇಲ್ಲಿ ಅದನ್ನು ಬೆಳಗಿನ ಜಾವದಿಂದ ಕತ್ತಲೆಯವರೆಗೆ ಇಡೀ ಊರು ಒತ್ತುತ್ತಿತ್ತು.

ನಮ್ಮೂರಿಗೂ ಅಂಥದೊಂದು ಬಂತು. ನಾನಾಗ ಮಾಧ್ಯಮಿಕ ಶಾಲೆಯ ಹುಡುಗ. ಹೂವು, ಕುಂಕುಮ ಇಟ್ಟು ಪೂಜೆ ಮಾಡಿದೆವು. ಆರು ತಿಂಗಳು ಕಳೆದಿರಬೇಕು, ಅದರ ಹಿಡಿ ಮುರಿಯಿತು. ಪಂಪಿನಿಂದ ಇಪ್ಪತ್ತು ಮಾರು ದೂರದಲ್ಲಿ ಕಮ್ಮಾರನ ಕುಲುಮೆ. ಸುತ್ತಿನ ನಾಲ್ಕು ಹಳ್ಳಿಯ ನೇಗಿಲು, ಗಾಡಿಗಳಿಗೆಲ್ಲ ಅವನೇ ವೈದ್ಯ. ಅವನು ಮುರಿದ ತುಂಡನ್ನು ತಿರುಗಿಸಿ ನೋಡಿ, “ಇದು ಬೀಡು ಸ್ವಾಮಿ. ಕಾಸಿದರೆ ಬಾಗೋದಿಲ್ಲ, ಬಡಿದರೆ ಒಡೀತದೆ” ಎಂದ. ಕಚೇರಿಗೆ ಅರ್ಜಿ ಹೋಯಿತು. ಬೇರೆ ಯಾರೂ ಪಂಪನ್ನು ಮುಟ್ಟಕೂಡದೆಂಬ ಉತ್ತರ ಬಂತು, ರಿಪೇರಿಯವರು ಬರಲಿಲ್ಲ. ನಮ್ಮ ಅಕ್ಕ ಮತ್ತೆ ಒಂದು ಮೈಲಿ ದೂರದ ಹಳೆಯ ಬಾವಿಯ ಹಾದಿ ಹಿಡಿದಳು. ಆ ವರ್ಷವೇ ಅವಳು ಶಾಲೆ ಬಿಟ್ಟದ್ದು.

ನಮ್ಮೂರಿನದು ಅಪರೂಪದ ಕತೆಯೇನೂ ಅಲ್ಲ. 1970ರ ದಶಕದ ನಡುವೆ ಯುನಿಸೆಫ್ ಪರಿಶೀಲಿಸಿದಾಗ ದೇಶದ ಕೈಪಂಪುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕೆಟ್ಟು ನಿಂತಿದ್ದುವು.

ಪರಿಹಾರ ಹುಟ್ಟಿದ್ದು ಮಹಾರಾಷ್ಟ್ರದ ಜಾಲನಾ, ಸೊಲ್ಲಾಪುರಗಳ ಮಿಷನ್ ಕಾರ್ಯಾಗಾರಗಳಲ್ಲಿ, ಕೈಗೆ ಎಣ್ಣೆ ಮೆತ್ತಿಕೊಂಡವರ ನಡುವೆ. ಬೀಡನ್ನು ಬಿಟ್ಟು ಉಕ್ಕನ್ನು ಹಿಡಿದರು. ಉಕ್ಕಾದರೆ ಮುರಿದಲ್ಲಿ ಬೆಸುಗೆ ಹಾಕಬಹುದು. ಅನೇಕ ಕೀಲುಗಳ ಬದಲು ಒಂದೇ ಕೀಲು. ಹಿಡಿಗೂ ಒಳಗಿನ ಸರಳಿಗೂ ನಡುವೆ ಒಂದು ಸರಪಳಿ. ಸರಳು ಓಲಾಡದೆ ನೆಟ್ಟಗೆ ಮೇಲೇಳುತ್ತದೆ, ಸವೆತ ಕಡಿಮೆ. ಈ ಸೊಲ್ಲಾಪುರದ ಪಂಪನ್ನು ಆಧರಿಸಿ ‘ಇಂಡಿಯಾ ಮಾರ್ಕ್ 2’ ರೂಪುಗೊಂಡಿತು. ನೀರು ಬಹಳ ಆಳದಲ್ಲಿರುವ ಕೊಯಮತ್ತೂರಿನ ಹಳ್ಳಿಗಳಲ್ಲಿ ಅದನ್ನು ಜನರ ಕೈಗೇ ಕೊಟ್ಟು ಪರೀಕ್ಷಿಸಿದರು. 1977ರ ಸುಮಾರಿಗೆ ಮದ್ರಾಸಿನಲ್ಲಿ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಎಂಬ ಸರ್ಕಾರಿ ಕಂಪೆನಿ ತಯಾರಿಕೆಗೆ ತೊಡಗಿತು. 1979ರಲ್ಲಿ ಅದಕ್ಕೆ ರಾಷ್ಟ್ರೀಯ ಮಾನಕ ಬಂತು. ಪೇಟೆಂಟಿನ ಬೇಲಿ ಇರಲಿಲ್ಲ. ಮಾನಕಕ್ಕೆ ತಕ್ಕಂತೆ ಮಾಡಬಲ್ಲ ಯಾವ ಕಾರ್ಖಾನೆಯಾದರೂ ಮಾಡಬಹುದಿತ್ತು. ಒಂದರ ಭಾಗ ಇನ್ನೊಂದಕ್ಕೆ ಕೂಡುತ್ತಿತ್ತು. ಹಳ್ಳಿಯವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇಷ್ಟಾದರೂ ಅರ್ಧ ಕೆಲಸ ಬಾಕಿ ಇತ್ತು. ತಳದ ವಾಷರ್ ಸವೆದರೆ ಪೈಪುಗಳನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ವಾಹನ, ಆಳುಕಾಳು, ಮತ್ತೆ ಅದೇ ಕಚೇರಿ. ಮುಂದೆ ಬಂದ ‘ಮಾರ್ಕ್ 3’ರಲ್ಲಿ ಪೈಪನ್ನು ಅಗಲಮಾಡಿದರು, ಪಿಸ್ಟನ್ನನ್ನಷ್ಟೇ ಎಳೆದು ತೆಗೆಯಬಹುದಾಯಿತು. ನೋಡಿ, ಪೈಪಿನ ಅಗಲದಂಥ ಸಣ್ಣ ಸಂಗತಿ, ರಿಪೇರಿಯ ಅಧಿಕಾರ ಊರಿನದೋ ಜಿಲ್ಲಾಕೇಂದ್ರದ್ದೋ ಎಂಬುದನ್ನು ತೀರ್ಮಾನಿಸುತ್ತದೆ.

ಈ ಪಂಪು ಆಫ್ರಿಕಕ್ಕೂ ಹೋಯಿತು. ಆಗ ಕೊಡುವವರ ಸ್ಥಾನದಲ್ಲಿದ್ದವರು ನಾವು. ಪಶ್ಚಿಮ ಆಫ್ರಿಕದ ಹಲವೆಡೆ ಅಂತರ್ಜಲ ಆಮ್ಲಗುಣದ್ದು. ಸತು ಲೇಪಿಸಿದ ನಮ್ಮ ಪೈಪುಗಳು ಅಲ್ಲಿ ತುಕ್ಕು ಹಿಡಿದು ಹೋದವು, ನೀರು ಕೆಂಪಾಯಿತು. ಸೊಲ್ಲಾಪುರದಲ್ಲಿ ಗೆದ್ದದ್ದು ಅಲ್ಲಿ ಸೋತಿತು. ಆ ಖಂಡದ ಇನ್ನೊಂದು ಮಗ್ಗುಲಲ್ಲಿ, ಮಲಾವಿ, ಕೀನ್ಯಾಗಳಲ್ಲಿ, ಪ್ಲಾಸ್ಟಿಕ್ ಕೊಳವೆಯ ‘ಆಫ್ರಿದೇವ್’ ಪಂಪು ರೂಪುಗೊಂಡಿತು. ಹಳ್ಳಿಯವರೇ ಬಿಚ್ಚಿ ಜೋಡಿಸಬಲ್ಲಂತಿರಬೇಕು ಎಂಬುದನ್ನು ಅದರ ವಿನ್ಯಾಸಕ್ಕೆ ಮೊದಲ ಷರತ್ತಾಗಿ ಇಟ್ಟುಕೊಂಡಿದ್ದರು.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಉತ್ತರಪ್ರದೇಶದ ಬಾಂದಾ ಜಿಲ್ಲೆಯ ಸಂಗತಿ. ಅಲ್ಲಿ 1990ರ ದಶಕದ ಆರಂಭದಲ್ಲಿ, ಮಹಿಳಾ ಸಮಾಖ್ಯಾ ಕಾರ್ಯಕ್ರಮದ ಆಶ್ರಯದಲ್ಲಿ, ಹಳ್ಳಿಯ ಹೆಂಗಸರಿಗೆ ಪಂಪು ರಿಪೇರಿ ಕಲಿಸಿದರು. ಬಹುಮಂದಿ ದಲಿತರು, ಅಕ್ಷರ ಅರಿಯದವರು. ಯಾರು ಮುಟ್ಟಿದರೆ ನೀರು ಮೈಲಿಗೆಯಾಗುತ್ತದೆಂದು ಊರು ನಂಬಿತ್ತೋ ಅವರೇ ಸ್ಪ್ಯಾನರು ಹಿಡಿದು ಬಂದರು. ಯಾವ ಊರಿನಲ್ಲಿ ಏನು ಕೆಟ್ಟಿತ್ತು, ಏನು ಹಾಕಿದೆವು ಎಂದು ಬರೆದಿಡಬೇಕಾಗಿ ಬಂದಾಗ, ನಮಗೆ ಓದುಬರಹ ಬೇಕು ಎಂದು ಕೇಳಿದವರು ಅವರೇ. ಕೆಲಕಾಲದಲ್ಲಿ ಅವರ ಬಳಗದಿಂದ ‘ಮಹಿಳಾ ಡಾಕಿಯಾ’ ಎಂಬ ಪತ್ರಿಕೆಯೂ ಹೊರಟಿತು. ಅಕ್ಷರ ಮೊದಲು, ಆಮೇಲೆ ಯಂತ್ರ ಎಂದು ಮೂವತ್ತು ವರ್ಷ ಪಾಠ ಹೇಳಿದ ನಾನು ಇದನ್ನು ಓದಿ ತುಸು ನಾಚಿದೆ.

ಕೈಪಂಪಿನ ಕಾಲ ಈಗ ಬಹುಮಟ್ಟಿಗೆ ಹಿಂದಾಯಿತು. ಕೊಳವೆ ಬಾವಿಗಳ ಅತಿಯಿಂದ ಅಂತರ್ಜಲವೇ ಕುಸಿದಿದೆ. ಅದು ಬೇರೆಯೇ ದುಃಖ. ಮನೆಮನೆಗೆ ನಲ್ಲಿ ಬರುತ್ತಿದೆ. ಹೋದ ವರ್ಷ ಊರಿಗೆ ಹೋಗಿದ್ದಾಗ ನಮ್ಮ ಅಕ್ಕನ ಮನೆಯ ಮುಂದೆಯೂ ಒಂದು ಹೊಸ ನಲ್ಲಿ ಇತ್ತು. ಕೆಲಸ ಮಾಡಿದ ಹುಡುಗರು ಹೊರಡುವಾಗ ಅಕ್ಕ ಅವರನ್ನು ತಡೆದು, “ಇದು ಕೆಟ್ಟರೆ ಯಾರನ್ನು ಕರೀಬೇಕಪ್ಪ?” ಎಂದು ಕೇಳಿದಳಂತೆ. ಅವರು ಒಂದು ಫೋನ್ ನಂಬರು ಕೊಟ್ಟು ಹೋದರು. ಅಕ್ಕ ಅದನ್ನು ಮೊಮ್ಮಗಳ ಕೈಯಲ್ಲಿ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆಸಿಟ್ಟಿದ್ದಾಳೆ.